ಬೆಲ್ಟ್ ದೇವರ ಮುಂದೆ, ಕಾರು ಶೃಂಗೇರಿಯಲ್ಲಿ

ಪವಾಡ, ಹರಕೆ, ಮಾಟ ಎಂಬ ಮಾತು ಕಿವಿಗೆ ಬಿದ್ದರೆ ಮೂಗು ಮುರಿಯುವ ಜಾತಿಯವನು ನಾನು. ನರಸಿಂಹರಾಜಪುರದ ಹೈಸ್ಕೂಲೊಂದರಲ್ಲಿ ವರ್ಷಗಟ್ಟಲೆ ವಿಜ್ಞಾನ ಪಾಠ ಮಾಡಿದವನು. ಹೊಸ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡುವವರನ್ನು ನಿಲ್ಲಿಸಿ, ಆ ಹಣ್ಣಿನಿಂದ ಪಾನಕ ಮಾಡಿಕೊಂಡು ಕುಡಿಯಿರಿ ಎಂದು ಬುದ್ಧಿ ಹೇಳಿ ಬೈಸಿಕೊಂಡವನು. ಅಂಥವನು ಈಗ ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನ್ನ ಅಭ್ಯಂತರವಿಲ್ಲ. ಸುಳ್ಳು ಎಂದು ಮಾತ್ರ ಹೇಳಬೇಡಿ, ಸಿಟ್ಟು ಬರುತ್ತದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನನ್ನ ಹತ್ತಿರ ಒಂದು ಹಳೆಯ ಡೀಸೆಲ್ ಕಾರಿತ್ತು. ಕಂಪನಿಯ ಹೆಸರು ಬೇಡ, ತಪ್ಪು ಕಂಪನಿಯದಲ್ಲ, ವಯಸ್ಸಿನದು. ನಿಂತಲ್ಲೆಲ್ಲ ಎಂಜಿನ್ನಿನ ಮುಂಭಾಗದಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ನಮ್ಮೂರ ಮೆಕ್ಯಾನಿಕ್ ಬೇಬಿಚ್ಚನ್ ಕೆಳಗೆ ಮಲಗಿ ನೋಡಿ, "ಸೀಲ್ ಎಲ್ಲ ಹೋಗಿದೆ ಸಾರ್. ವಾಟರ್ ಪಂಪೂ ಅಳ್ತಾ ಉಂಟು. ಎರಡೂ ಒಟ್ಟಿಗೇ ಬಿಚ್ಚಿ ಹಾಕುವ" ಎಂದ.

ಈ ವಾಟರ್ ಪಂಪಿನ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಎಂಜಿನ್ ತಿರುಗಿದಾಗ ಒಂದು ರಬ್ಬರ್ ಬೆಲ್ಟ್ ತಿರುಗುತ್ತದೆ. ಆ ಬೆಲ್ಟು ಪಂಪನ್ನೂ ಫ್ಯಾನನ್ನೂ ತಿರುಗಿಸುತ್ತದೆ. ಪಂಪ್ ನೀರನ್ನು ಓಡಾಡಿಸಿ ಎಂಜಿನ್ನನ್ನು ತಂಪಾಗಿಡುತ್ತದೆ. ಬೆಲ್ಟ್ ಇಲ್ಲವೆಂದರೆ ಪಂಪೂ ಇಲ್ಲ, ಫ್ಯಾನೂ ಇಲ್ಲ. ನಾಲ್ಕೈದು ಕಿಲೋಮೀಟರಿಗೆಲ್ಲ ನೀರು ಕುದಿದು ಬಾನೆಟ್ಟಿನಿಂದ ಹೊಗೆ ಏಳುತ್ತದೆ. ಇದರಲ್ಲಿ ನಂಬುವ, ನಂಬದಿರುವ ಪ್ರಶ್ನೆಯೇ ಇಲ್ಲ.

ಅದೇ ಹೊತ್ತಿಗೆ ನನ್ನ ಹೆಂಡತಿ ಸಾವಿತ್ರಿಗೆ ಶೃಂಗೇರಿಯಿಂದ ಕರೆ ಬಂದಿತ್ತು. ಅಲ್ಲಿನ ಒಂದು ಭಜನಾ ಮಂಡಳಿಯವರು ನವರಾತ್ರಿಯಲ್ಲಿ ಅರ್ಧ ಗಂಟೆ ಹಾಡಲು ಹೇಳಿದ್ದರು. ಆಯುಧಪೂಜೆಯ ದಿನ, ಸಂಜೆ ನಾಲ್ಕಕ್ಕೆ. ಮದುವೆಗೆ ಮೊದಲು ಚೆನ್ನಾಗಿ ಸಂಗೀತ ಕಲಿತವಳು ಆಮೇಲೆ ಹದಿನೆಂಟು ವರ್ಷ ಒಗ್ಗರಣೆಯ ಸದ್ದಿನ ನಡುವೆಯೇ ಹಾಡಿಕೊಂಡಿದ್ದಳು. ಅದರಲ್ಲಿ ನನ್ನ ಪಾಲೇನೂ ಇಲ್ಲ ಎಂದು ಹೇಳಲಾರೆ. ವೇದಿಕೆ ಹತ್ತುವುದು ಅದೇ ಮೊದಲು. ಅವಳು ಬಸ್ಸಿಗೆ ಹೋಗೋಣ ಎಂದಳು. ತಂಬೂರಿ ಹಿಡಿದುಕೊಂಡು ಹಬ್ಬದ ಬಸ್ಸಿನಲ್ಲಿ ನೇತಾಡುತ್ತೀಯಾ, ಕಾರು ಅಷ್ಟರೊಳಗೆ ರೆಡಿ ಮಾಡುವ ಜವಾಬ್ದಾರಿ ನನ್ನದು ಎಂದು ಎದೆ ತಟ್ಟಿಕೊಂಡೆ.

ಹಿಂದಿನ ದಿನ ಬೇಬಿಚ್ಚನ್ ನಮ್ಮ ಅಂಗಳದಲ್ಲೇ ಕೆಲಸ ಮುಗಿಸಿದ. ಸೀಲುಗಳನ್ನು ಬದಲಿಸಿ, ಪಂಪ್ ಕೂರಿಸಿ, ಬೆಲ್ಟ್ ಕೂರುವ ಪುಲ್ಲಿ ಬಿಗಿದ. ಆಯಿಲ್ ಇನ್ನೂ ಸೋರುತ್ತದೆಯೇ ಎಂದು ನೋಡಲು ಬೆಲ್ಟ್ ಹಾಕದೆಯೇ ಎರಡು ನಿಮಿಷ ಸ್ಟಾರ್ಟ್ ಮಾಡಿದ. ಒಂದು ತೊಟ್ಟೂ ಇಲ್ಲ. "ಇನ್ನು ಈ ಹೊಸ ಬೆಲ್ಟ್ ಒಂದು ಹಾಕಿ ಟೈಟ್ ಮಾಡುದು, ಅಷ್ಟೇ" ಎಂದ. ಅಷ್ಟು ನಾನು ಮಾಡಲಾರೆನೇ, ನೀನು ಹೊರಡು ಎಂದು ಅವನನ್ನು ಕಳಿಸಿದೆ. ಕೈ ತೊಳೆದು, ಕಾಫಿ ಕುಡಿದು ಬರುವಷ್ಟರಲ್ಲಿ ಸ್ಪ್ಯಾನರ್ ಒಂದೂ ಕಾಣಲಿಲ್ಲ. ನಮ್ಮ ಅಮ್ಮ ಕತ್ತಿ, ಹಾರೆ, ಈಳಿಗೆಮಣೆಯ ಜೊತೆ ಅವನ್ನೂ ಒಟ್ಟುಮಾಡಿ ಪೂಜೆಗೆ ತೊಳೆಯಲು ಒಯ್ದಿದ್ದರು. ಬೆಳಿಗ್ಗೆ ನೋಡಿದರಾಯಿತು ಎಂದು ಬಾನೆಟ್ ಮುಚ್ಚಿದೆ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಮ್ಮ ಬಾನೆಟ್ಟಿನ ಮೇಲೆ ಅರಿಸಿನ ಕುಂಕುಮ ಹಚ್ಚಿ, ಉದ್ದಕ್ಕೂ ಚೆಂಡುಹೂವಿನ ಮಾಲೆ ಬಿಗಿದಿದ್ದರು. ಆ ಮಾಲೆ ನೋಡಿದ್ದೇ ತಡ, ಕೆಲಸವೆಲ್ಲ ಮುಗಿದೇ ಹೋಗಿದೆ ಎಂದು ನನ್ನ ತಲೆ ತೀರ್ಮಾನಿಸಿಬಿಟ್ಟಿತು. ಬೆಲ್ಟಿನ ನೆನಪು ಪೂರ್ತಿ ಅಳಿಸಿಹೋಯಿತು. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಊಟ ಮುಗಿಸಿ ಹೊರಟೆವು. ಸಾವಿತ್ರಿ ಗಂಟಲು ಕೆಡಬಾರದೆಂದು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಮೌನ ಹಿಡಿದಿದ್ದಳು. ಏನು ಕೇಳಿದರೂ ತಲೆ ಅಲ್ಲಾಡಿಸುತ್ತಿದ್ದಳು. ಮದುವೆಯಾದ ಮೇಲೆ ಅಷ್ಟು ದೂರ ಜಗಳವಿಲ್ಲದೆ ಹೋದದ್ದು ಅದೇ ಮೊದಲು. ಕೊಪ್ಪದವರೆಗಿನ ಏರುಗಳನ್ನೆಲ್ಲ ಕಾರು ಹೂವಿನ ಹಾಗೆ ಹತ್ತಿತು. ಹರಿಹರಪುರ ದಾಟಿದಾಗಲೂ ಬಿಸಿ ತೋರಿಸುವ ಮುಳ್ಳು ಅರ್ಧಕ್ಕಿಂತ ಒಂದು ಗೆರೆ ಕೆಳಗೇ ಇತ್ತು. ಬೆಲ್ಟ್ ಇಲ್ಲದೆ ಬ್ಯಾಟರಿ ಚಾರ್ಜ್ ಆಗದ್ದರಿಂದ ಕೆಂಪು ದೀಪ ಉರಿಯಬೇಕಿತ್ತು, ನಿಜ. ಆದರೆ ಆ ಬಲ್ಬು ನಾನು ಕಾರು ಕೊಳ್ಳುವ ಮೊದಲೇ ಸತ್ತಿತ್ತು. ಹೊಸ ಸೀಲಿನ ಮಹಿಮೆ ನೋಡು, ಎಂಜಿನ್ ಎಷ್ಟು ಹಗುರಾಗಿದೆ ಎಂದು ನಾನು ದಾರಿಯುದ್ದಕ್ಕೂ ಕೊಚ್ಚಿಕೊಂಡೆ. ಅವಳು ಸಕ್ಕರೆ ಚೀಪಿದಳು.

ಮೂರೂವರೆಗೆ ಶೃಂಗೇರಿ ತಲುಪಿದೆವು. ಇಳಿಯುವಾಗ ಅವಳು ಮೌನ ಮುರಿದಳು. "ಬೇಗ ಬಂದು ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ನೀವು ಎದುರಿಗೆ ಕಂಡ್ರೆ ನಂಗೆ ಧೈರ್ಯ" ಎಂದಳು. ಕಾರು ನಿಲ್ಲಿಸಿ ಈಗ ಬಂದೆ ಎಂದೆ.

ನಿಲ್ಲಿಸಿದವನು ಸುಮ್ಮನೆ ಹೋಗಬಾರದಿತ್ತೇ? ಸೀಲು ಹೇಗೆ ಒಣಗಿಕೊಂಡಿದೆ ಎಂದು ನೋಡಿ ಖುಷಿಪಡುವ ಚಪಲ. ಮಾಲೆ ಸರಿಸಿ ಬಾನೆಟ್ ಎತ್ತಿದೆ. ಸೀಲು ಒಣಗಿತ್ತು. ಬೆಲ್ಟ್ ಇರಲಿಲ್ಲ. ಆಗ ಹಿಂದಿನ ದಿನದ್ದೆಲ್ಲ ಒಮ್ಮೆಲೇ ನೆನಪಾಯಿತು. ಎಂಜಿನ್ನಿನ ತಲೆಯ ಮೇಲೆ ಹೆದರುತ್ತಾ ಅಂಗೈ ಇಟ್ಟೆ. ಆಗಷ್ಟೇ ಎಣ್ಣೆಸ್ನಾನ ಮಾಡಿ ಬಂದವರ ಬೆನ್ನಿನಷ್ಟು ಬೆಚ್ಚಗಿತ್ತು. ಐವತ್ತರ ಹತ್ತಿರ ಕಿಲೋಮೀಟರ್ ಬಂದ ಎಂಜಿನ್ ಅದು!

ಎಸ್‌ಟಿಡಿ ಬೂತಿಗೆ ಓಡಿದೆ. ಹಬ್ಬದ ದಿನ, ನನ್ನ ಮುಂದೆ ಆರು ಜನ. ಕಡೆಗೆ ಲೈನ್ ಸಿಕ್ಕಿತು. ಅಮ್ಮನ ಹತ್ತಿರ ಹೊಸ ಬೆಲ್ಟ್ ನೋಡಿದಿರಾ ಎಂದು ಕೇಳಿದೆ.

"ದೇವರ ಮುಂದೆ ಇಟ್ಟಿದ್ದೆ ಮಾಣಿ, ಹೊಸ ಸಾಮಾನಲ್ವಾ. ಎಂತಕೆ?"

"ಸರಿಯಾಗಿ ನೋಡಿ ಹೇಳಿ. ಅದೇ ಹೌದಾ?"

"ಕಪ್ಪು, ಉರುಟು. ಮೇಲೆ ಗರಿಕೆ ಇಟ್ಟಿದೀನಿ. ನಾಳೆ ಮರುಪೂಜೆ ಆಗದೆ ನಾ ಕೊಡೂದಿಲ್ಲ, ಈಗಲೇ ಹೇಳ್ದೆ" ಎಂದು ಅಮ್ಮ ಫೋನಿಟ್ಟರು.

ಕೂಡಲೇ ಬೇಬಿಚ್ಚನ್‌ಗೆ ಫೋನ್ ಹಚ್ಚಿದೆ. ಅವನು, "ಸಾರ್, ನೀವು ಈಗ ಮಾತಾಡ್ತಿರುದು ಶೃಂಗೇರಿಯಿಂದ್ಲೇ ಹೌದಾ ಮಾರಾಯ್ರೇ?" ಎಂದು ಕೇಳಿದ. ಹೌದೋ ಅಲ್ಲವೋ ಎಂದು ನನಗೂ ಅನುಮಾನ ಬಂದು ಬೂತಿನ ಬೋರ್ಡ್ ಓದಿದೆ. ಅವನು ಅದು ನೋಡಿ ಇದು ನೋಡಿ ಎಂದ. ನಾನು ಕಾರಿಗೆ ಓಡುವುದು, ಮುಟ್ಟುವುದು, ಮತ್ತೆ ಬೂತಿಗೆ ಓಡಿ ಸಾಲಿನಲ್ಲಿ ನಿಲ್ಲುವುದು. ಗಡಿಯಾರ ನೋಡಿದಾಗ ನಾಲ್ಕೂಮುಕ್ಕಾಲು. ಸಭಾಂಗಣದ ಬಾಗಿಲಿಗೆ ಏದುಸಿರು ಬಿಡುತ್ತಾ ಬಂದರೆ ಸಾವಿತ್ರಿ ತಂಬೂರಿ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದಳು. ನನ್ನ ಕೈಯ ಮಸಿಯನ್ನು ನೋಡಿದಳು. ಆ ದಿನ ಶೃಂಗೇರಿಯ ಯಾವ ಗ್ಯಾರೇಜಿನವರೂ ಪೂಜೆಗಿಟ್ಟ ಸ್ಪ್ಯಾನರ್ ಮುಟ್ಟಲು ಒಪ್ಪದೆ, ಬಸ್ಸಿನಲ್ಲಿ ತಂಬೂರಿ ಹಿಡಿದುಕೊಂಡೇ ಮನೆಗೆ ಬಂದೆವು.

ಮರುದಿನ ಬೇಬಿಚ್ಚನ್ ಕುಂಕುಮ ಮೆತ್ತಿದ ಬೆಲ್ಟನ್ನು ಶೃಂಗೇರಿಗೆ ತಂದು ಹಾಕಿದ. ನೀರು ಒಂದು ಲೋಟವೂ ಕಮ್ಮಿಯಾಗಿರಲಿಲ್ಲ. ಮುಳ್ಳು ಸುಳ್ಳು ಹೇಳಿರಬೇಕೆಂದು ಅದಕ್ಕೆ ಬಿಸಿ ತಿಳಿಸುವ ಸೆನ್ಸರನ್ನು ಬಿಚ್ಚಿ ಕುದಿಯುವ ನೀರಿಗೆ ಅದ್ದಿ ನೋಡಿದೆವು, ಸರಿಯಾಗಿಯೇ ಏರಿತು. ತಂಪು ಗಾಳಿಯಿಂದ ಹಾಗಾಯಿತೋ, ನೀರು ತನ್ನಷ್ಟಕ್ಕೇ ಹರಿಯಿತೋ ಎಂದು ಪುಸ್ತಕ ತಿರುವಿದೆ. ಕೊನೆಗೆ ಒಂದು ಮಧ್ಯಾಹ್ನ ಬೆಲ್ಟ್ ತೆಗೆದಿಟ್ಟು, ಅದೇ ದಾರಿಯಲ್ಲಿ ನಾನೂ ಬೇಬಿಚ್ಚನ್ನೂ ಇಬ್ಬರೇ ಹೊರಟೆವು. ಐದನೇ ಕಿಲೋಮೀಟರಿಗೆ ಬುಸ್ಸೆಂದು ಕುದಿದು ನಿಂತಿತು. ಬೇಬಿಚ್ಚನ್ ಶಿಲುಬೆಯ ಗುರುತು ಮಾಡಿಕೊಂಡ. ಅಮ್ಮನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲೇ ಇಲ್ಲ. ಬೆಲ್ಟ್ ದೇವರ ಹತ್ತಿರ ಇತ್ತಲ್ಲ ಎಂದರು. ನನಗೆ ಹಾಗೆನ್ನಲು ಬಾಯಿ ಬರುವುದಿಲ್ಲ, ಬೇರೆ ಹೇಳಲು ಗೊತ್ತಿಲ್ಲ.

ಸಾವಿತ್ರಿ ಅಂದು ಮೂರು ಹಾಡು ಹಾಡಿದಳಂತೆ. ಎರಡನೆಯದು ಮುಗಿದಾಗ ಇಡೀ ಸಭೆ ಚಪ್ಪಾಳೆ ಮರೆತು ಕೂತಿತ್ತಂತೆ. ಇದನ್ನೆಲ್ಲ ಹೇಳಿದವರು ಬೇರೆಯವರು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕೊನೆಯವರೆಗೂ ಖಾಲಿಯಿತ್ತೆಂದು ಹೇಳಿದವಳು ಅವಳು, ಅದೂ ಒಂದೇ ಸಲ. ಮನೆಗೆ ಬಂದವರು ಈಗಲೂ ಕೆಲವೊಮ್ಮೆ, ಶೃಂಗೇರಿಯಲ್ಲಿ ನಿಮ್ಮ ಮನೆಯವರು ಹೇಗೆ ಹಾಡಿದರು ಎಂದು ನನ್ನನ್ನು ಕೇಳುತ್ತಾರೆ. ನಾನು ಬೆಲ್ಟಿನ ಕಥೆ ಶುರು ಮಾಡುತ್ತೇನೆ. ಸಾವಿತ್ರಿ ಎದ್ದು ಒಳಗೆ ಹೋಗುತ್ತಾಳೆ.