ನಿಂಬೆಗೆ ಮೇಣ ಹಚ್ಚಿದ ವರ್ಷ

ನಯಾ ಪೈಸೆ ಬಂದ ಹೊಸದರಲ್ಲಿ ನಾನು ಸೊರಬದ ಹೊಸಬಾಳೆಯಿಂದ ಶಿಕಾರಿಪುರ ಸೀಮೆಯ ಊರೊಂದಕ್ಕೆ ಸೊಸೆಯಾಗಿ ಬಂದೆ. ಅಂಜನಾಪುರದ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಊರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿದರೆ ಅರ್ಧ ದಿನದ ದಾರಿ, ಆದರೆ ಅತ್ತೆಯ ಪಾಲಿಗೆ ನಾನು ಬೇರೆ ದೇಶದವಳು. ಸಾರಿಗೆ ಚೂರು ಬೆಲ್ಲ ಹಾಕಿದರೂ, ಕಸಬರಿಗೆಯನ್ನು ಬಾಗಿಲ ಹಿಂದೆ ಇಟ್ಟರೂ ಒಂದೇ ಮಾತು: "ನಮ್ಮನ್ಯಾಗ ಆ ಪದ್ಧತಿ ಇಲ್ಲವ್ವ." ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಎದುರು ಮಾತಾಡುವ ಹಾಗಿಲ್ಲವಲ್ಲ, ಪಾತ್ರೆಗಳನ್ನು ಸದ್ದು ಮಾಡಿ ತೊಳೆಯುತ್ತಿದ್ದೆ.

ಮರುವರ್ಷ ನಾದಿನಿಯ ಮದುವೆ ಅಕ್ಷಯ ತದಿಗೆಯ ಹೊತ್ತಿಗೆ ನಿಶ್ಚಯವಾಯಿತು. ಬೀಗರನ್ನು ಎದುರುಗೊಳ್ಳುವಾಗ ಹಿರಿಯರ ಕೈಗೆ ಒಂದೊಂದು ನಿಂಬೆಹಣ್ಣು ಕೊಡುವುದು ಅಲ್ಲಿಯ ಮರ್ಯಾದೆ. ಅತ್ತೆಗೆ ಅದೇ ಚಿಂತೆ. ಹಿರಿಯ ಮಗಳ ಮದುವೆಯೂ ಅದೇ ಬಿಸಿಲಿನಲ್ಲಿ ಆಗಿತ್ತು. ಮನೆಯ ಮರದ ಹಣ್ಣು ಕೂಡಿಟ್ಟು ಕೊಡುವ ಹೊತ್ತಿಗೆ ಅವು ಸುಕ್ಕಿ ಗಟ್ಟಿಯಾಗಿದ್ದವು. ಆ ಮಗಳ ಮಾವ ಅಂದಿನಿಂದ ಬಂದಾಗಲೆಲ್ಲ, "ಆವತ್ತು ನೀವು ಕೈಗೆ ಕೊಟ್ಟಿದ್ದು ನಿಂಬಿಹಣ್ಣೋ ಅಡಿಕಿನೋ, ಹೇಳ್ರಿ ಬೀಗ್ತಿಯವ್ರೆ" ಎಂದು ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದರು. ಬೀಗರು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿದ್ದೆ.

"ಈ ಸಲ ಹಣ್ಣು ಬಾಡದ ಹಂಗೆ ನಾನು ಇಡ್ತೀನಿ" ಎಂದೆ. ನಮ್ಮ ಅಮ್ಮ ಕಾಡಿನ ಜೇನುಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಆರಿಸಿ, ಕಂಚಿಕಾಯಿ, ನಿಂಬೆಗಳಿಗೆಲ್ಲ ಸವರಿ ತಿಂಗಳುಗಟ್ಟಲೆ ಇಡುತ್ತಿದ್ದಳು. ಅತ್ತೆ ಹುಬ್ಬು ಗಂಟಿಕ್ಕಿದರು. "ಮೇಣ ಹಚ್ಚಿದ್ದು ಬಾಯಾಗ ಇಡಾಕ ಬರ್ತೈತೇನು? ನಮ್ಮನ್ಯಾಗ..." ಮುಂದಿನದು ನನಗೆ ಬಾಯಿಪಾಠವಾಗಿತ್ತು. ಆದರೆ ಆ ಬೀಗರ ನೆನಪಾಯಿತೋ ಏನೋ, ಅರ್ಧಕ್ಕೇ ನಿಲ್ಲಿಸಿ, "ಆಯ್ತು, ಮಾಡು" ಎಂದರು.

ತವರಿಗೆ ಹೋಗಿ ಮೇಣದ ಉಂಡೆ ತಂದೆ. ಯುಗಾದಿಗೆ ಹದಿನೈದು ದಿನ ಮುಂಚೆ, ಇನ್ನೂ ಹಸಿರಿದ್ದ ಕಾಯಿಗಳನ್ನು ತೊಟ್ಟು ಉಳಿಸಿ ಕತ್ತರಿಸಿ, ತೊಳೆದು, ನೆರಳಲ್ಲಿ ಆರಹಾಕಿದೆ. ಅಂಗೈಗೆ ಮೇಣ ಹಚ್ಚಿಕೊಂಡು, ಅದನ್ನು ಬಟ್ಟೆಗೆ ಒರೆಸಿ, ಒರೆಸಿದ ಮೇಲೆ ಉಳಿದ ಜಿಡ್ಡಿನಷ್ಟನ್ನೇ ಹಣ್ಣಿಗೆ ಸವರಬೇಕು. ಅಮ್ಮ ಕಲಿಸಿದ ಅಳತೆ ಅದು. "ಹಣ್ಣೂ ಉಸ್ರಾಡ್ತದೆ ಕಣೇ, ಮೂಗು ಕಟ್ಟಬೇಡ" ಎನ್ನುತ್ತಿದ್ದಳು. ಆದರೆ ಸೊರಬದ ಹುಡುಗಿ ಏನೋ ಮಾಡುತ್ತಿದ್ದಾಳಂತೆ ಎಂದು ಓಣಿಯ ಹೆಂಗಸರೆಲ್ಲ ಬಂದು ಜಗಲಿಯಲ್ಲಿ ಕೂತರು. "ಎಷ್ಟು ಮಿಂಚ್ತಾವಲ್ಲೇ!" ಎಂದರು. ನನಗೆ ಜಂಬ ತಲೆಗೇರಿತು. ಬಟ್ಟೆ ಪಕ್ಕಕ್ಕೆ ಬಿತ್ತು. ಕೈತುಂಬ ಮೇಣ ಬಳಿದು, ಗಾಜಿನ ಗುಂಡಿನಂತೆ ಹೊಳೆಯುವಂತೆ ಮಾಡಿ ಬುಟ್ಟಿಗಳಲ್ಲಿ ಭತ್ತದ ಹುಲ್ಲು ಹಾಸಿ ಜೋಡಿಸಿದೆ.

ಎಂಟನೇ ದಿನ ಒಂದನ್ನು ಹೆಚ್ಚಿದೆ. ಸಿಪ್ಪೆ ಆಗಷ್ಟೇ ಮರದಿಂದ ಕಿತ್ತ ಹಾಗಿತ್ತು, ಒಳಗಿನಿಂದ ಹುಳಿಹೆಂಡದ ವಾಸನೆ ಸಣ್ಣಗೆ ಬಂತು. ಮರದಲ್ಲಿ ಬೇರೆ ಕಾಯಿ ಇರಲಿಲ್ಲ. ಮುಚ್ಚಿಡೋಣ ಅನಿಸಿದ್ದು ನಿಜ. ಆದರೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಆ ಮುಖ ನೆನಪಾಗಿ, ಹೋಳನ್ನು ತೆಗೆದುಕೊಂಡು ಹೋಗಿ ಅತ್ತೆಯ ಮುಂದೆ ಹಿಡಿದೆ. "ತಪ್ಪು ನಂದೇ ಅತ್ತೇರೆ. ನಮ್ಮಮ್ಮ ಹಿಂಗೆ ಹಚ್ಚಲ್ಲ. ಚೆಂದ ಕಾಣ್ಲಿ ಅಂತ ಮೆತ್ತಿಬಿಟ್ಟೆ."

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅತ್ತೆ ಹೋಳನ್ನು ಮೂಸಿ ನೋಡಿದರು. "ನಿಮ್ಮವ್ವ ಹೆಂಗ ಹಚ್ತಾಳ, ತೋರ್ಸು" ಎಂದರು. ಒರೆಸಿದ ಕೈ ತೋರಿಸಿದೆ. "ಹಂಗಾರ ಹೆಚ್ಚಿಗಿ ಆಗಿದ್ದು ತೆಗೀಬೇಕು, ಅಷ್ಟ ಅಲ್ಲೇನು" ಎಂದವರೇ ತಮ್ಮ ಹಳೆಯ ಸೀರೆ ಹರಿದರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒಂದೊಂದೇ ಹಣ್ಣನ್ನು ಇಬ್ಬರೂ ಒರೆಸಿದೆವು. ಎರಡು ದಿನ ಹಿಡಿಯಿತು. ಕೂಸಿನ ತಲೆ ಒರೆಸುವ ಹಾಗೆ ಅವರ ಕೈ ಮೆತ್ತಗೆ ಓಡುತ್ತಿತ್ತು. ಕೆಟ್ಟವನ್ನು ಬೇರೆ ಮಾಡಿ, ಉಳಿದವನ್ನು ಹೊಸ ಹುಲ್ಲಿನ ಮೇಲಿಟ್ಟೆವು. ಆಮೇಲೆ ದಿನಾ ಬೆಳಿಗ್ಗೆ ಬುಟ್ಟಿ ತೆರೆದು ಮೂಸಿ ನೋಡುತ್ತಿದ್ದವರು ಅವರೇ. ವಾಸನೆ ಹೋಯಿತು. ಹಸಿರು ನಿಧಾನವಾಗಿ ಹಳದಿಗೆ ತಿರುಗಿತು, ಸುಕ್ಕು ಮಾತ್ರ ಬೀಳಲಿಲ್ಲ.

ಮದುವೆಯ ದಿನ ಹೊಸ ಬೀಗರ ಜೊತೆ ಆ ಹಳೆಯ ಬೀಗರೂ ಬಂದರು. ಮೀಸೆಯಡಿಯ ನಗು ನೋಡಿದರೆ ಅಡಿಕೆಯ ಮಾತು ತುಟಿಯವರೆಗೆ ಬಂದಿರುವುದು ಗೊತ್ತಾಗುತ್ತಿತ್ತು. ಅತ್ತೆ ಅವರ ಕೈಗೆ ಹಣ್ಣಿಟ್ಟರು. ಅವರು ಹೆಬ್ಬೆರಳಿಂದ ಒತ್ತಿದರು. ಸಿಪ್ಪೆ ಮೆತ್ತಗೆ ಒಳಗೆ ತಗ್ಗಿ, ನಾನು ನಿಂತಲ್ಲಿಗೂ ಘಮ್ಮೆಂದು ಪರಿಮಳ ಬಂತು. ನಗು ಅಲ್ಲಿಗೇ ನಿಂತುಹೋಯಿತು.

"ಈ ಬಿಸಿಲಾಗ ಇಂಥಾ ಹಣ್ಣು ಯಾವ ಸಂತ್ಯಾಗ ಸಿಕ್ತು ಬೀಗ್ತಿಯವ್ರೆ?"

"ಸಂತಿದಲ್ರೀ, ನಮ್ಮ ಮರದ್ದು. ಮೇಣ ಹಚ್ಚಿ ಇಡೋದು ನಮ್ಮನಿ ಪದ್ಧತಿ."

ನನ್ನ ನೆತ್ತಿ ಕಾದುಹೋಯಿತು. ಯಾರ ಮನೆಯ ಪದ್ಧತಿ? ನಮ್ಮಮ್ಮನದು! ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಅತ್ತೆ ಎಲ್ಲರೆದುರೇ ನನ್ನ ಕಡೆ ತಿರುಗಿ, ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡು, "ಹೌದಲ್ಲೇನವ್ವ?" ಎಂದರು. ಅವರ ಕಣ್ಣು ತುಂಬಿತ್ತು. ನನ್ನ ಎದೆ ಉಬ್ಬಿತು.

"ಹೌದ್ರಿ," ಎಂದೆ. "ನಮ್ಮನಿ ಪದ್ಧತಿ."

ನನ್ನ ಸೊರಬದ ನಾಲಿಗೆಗೆ 'ಮನೆ' ಹೋಗಿ 'ಮನಿ' ಬಂದದ್ದು ಅದೇ ಮೊದಲು.