ಓ ಗುಂಪಿನ ಧೈರ್ಯ

ಅಟ್ಟದ ಮೇಲೆ ಗುಡುಗುಡು ಸದ್ದು. ಯೋಗೀಶ್ ಕೊಬ್ಬರಿಯಾಗಲು ಇಟ್ಟ ತೆಂಗಿನಕಾಯಿಗಳನ್ನು ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಕೊಬ್ಬರಿ ಚಿಪ್ಪು ಬಿಟ್ಟು ಉರುಳಿದರೆ ಕೆಳಗಿಳಿಸಬಹುದು. ನೀರು ಕುಲುಕಿದರೆ ಅಲ್ಲೇ ಇರಬೇಕು. ಕೆಳಗಿನ ಕೋಣೆಯಲ್ಲಿ ಅವನ ಹೆಂಡತಿ ಗಿರಿಜಾಂಬಿಕಾ ಎಂಟು ತಿಂಗಳ ಹೊಟ್ಟೆ ಹಿಡಿದು, ಆ ಸದ್ದಿಗೆ ತನ್ನ ಉಸಿರನ್ನು ಅಳೆಯುತ್ತಿದ್ದಳು. ನಿನ್ನೆ ಒಂದು ಕಾಯಿಗೆ ಒಂದು ಉಸಿರು. ಇವತ್ತು ಮೂರು.

ಕೊರೊನಾ ಎರಡನೇ ಸಲ ಬಂದ ವರ್ಷ ಅದು. ಜ್ವರ, ಕೆಮ್ಮು ಬಂದು, ಗಂಡನ ಊರು ಕಂದಿಕೆರೆಯ ಆ ಕೋಣೆ ಸೇರಿ ಅವಳಿಗೆ ಆರು ದಿನ. ತಟ್ಟೆ ಹೊಸ್ತಿಲವರೆಗೆ ಬರುತ್ತಿತ್ತು, ಮನುಷ್ಯರು ಬರುತ್ತಿರಲಿಲ್ಲ. ಕಿಟಕಿಯಲ್ಲಿ ಮೂರು ತೆಂಗಿನ ಬೊಡ್ಡೆ, ಗರಿ ಕಾಣುತ್ತಿರಲಿಲ್ಲ. ಹುಳಿಯಾರಿನಲ್ಲಿ ಅಪ್ಪನ ಅಂಗಡಿಯ ಮುಂದೆ ನಿಂತು ಸಂತೆಯವರ ಬಾಯಿ ಮುಚ್ಚಿಸುತ್ತಿದ್ದ ಹುಡುಗಿ, ಮದುವೆಯಾದ ಮೂರು ವರ್ಷದಲ್ಲಿ ತಲೆಯಾಡಿಸುವುದನ್ನು ಕಲಿತಿದ್ದಳು.

ಬಸುರಿನ ತಪಾಸಣೆ ಬರೆಯುವ ಅವಳ ‘ತಾಯಿ ಕಾರ್ಡು’ ದೇವರ ಗೂಡಿನಲ್ಲಿತ್ತು. ರಕ್ತದ ಗುಂಪು ಓ ಎಂದು ಬರೆದಿದ್ದ ಕಡೆ ಅತ್ತೆ ಸಿದ್ದಮ್ಮ ವಿಭೂತಿ ಹಚ್ಚಿದ್ದಳು. ಸಿದ್ದಮ್ಮನ ಅಣ್ಣ ಕಾಡಸಿದ್ದಪ್ಪನದು ಎ ಗುಂಪು. ಹದಿನೈದು ದಿನದ ಹಿಂದೆ ಆಸ್ಪತ್ರೆಗೆ ಹೋದವನು ಮರಳಿರಲಿಲ್ಲ.

ಆಶಾ ಕಾರ್ಯಕರ್ತೆ ಮಂಗಳಾ ಕಿಟಕಿಯಿಂದಲೇ ಗಿರಿಜಾಂಬಿಕಾಳ ಬೆರಳಿಗೆ ಆಮ್ಲಜನಕ ಅಳೆಯುವ ಯಂತ್ರ ಸಿಕ್ಕಿಸಿದಳು. ತೊಂಬತ್ತೊಂದು. ತೊಂಬತ್ತೈದಾದರೂ ಇರಬೇಕಿತ್ತು.

"ತಿಪಟೂರು ಆಸ್ಪತ್ರೆಗೆ ಕರ್ಕೊಂಡೋಗ್ಬೇಕು ಸಿದ್ದಮ್ಮೋರೆ. ಈಗ್ಲೇ."

"ಯಾಕವ್ವ? ಅವಳದು ಓ. ಓ-ನೋರಿಗೆ ಏನೂ ಆಗಲ್ಲ ಅಂತ ಫೋನಲ್ಲೇ ಬಂದೈತೆ."

"ಫೋನಲ್ಲಿ ಏನೇನೋ ಬತ್ತದೆ. ಬಸುರಿಗೆ ಉಸಿರು ಕಟ್ಟಿದ್ರೆ ಗುಂಪು ಬಂದು ಗಾಳಿ ಹಾಕ್ತದಾ?"

"ಹೊತ್ತಿಗೆ ಮುಂಚೆ ಅಟ್ಟದ ಕಾಯಿ ಇಳಿಸಿದ್ರೆ ಕೊಳೀತದೆ ಕಣೇ. ತಣ್ಣಗೆ ಇರ್ಲಿ ಬುಡು."

"ನಿಮ್ಮ ಅಟ್ಟದ ಕಾಯಿ ಕೆಮ್ತದಾ ಅಮ್ಮ?"

ಏಣಿ ಇಳಿಯುತ್ತಿದ್ದ ಯೋಗೀಶ್ ನಕ್ಕು, ಅವ್ವನ ಮುಖ ನೋಡಿ ನಗು ನುಂಗಿದ.

"ನೀನಾದ್ರೂ ಹೇಳಪ್ಪ," ಎಂದಳು ಮಂಗಳಾ.

"ಅವ್ವ ಹೇಳ್ದಂಗೆ..." ಯೋಗೀಶ್ ಏಣಿಯನ್ನು ಗೋಡೆಗೆ ಸರಿಸಿದ.

"ಅಲ್ಲಿಗೋದೋರು ಯಾರು ವಾಪಸ್ ಬಂದವ್ರೆ?" ಸಿದ್ದಮ್ಮನ ದನಿ ಒಡೆಯಿತು. "ನಮ್ಮಣ್ಣನ ಮುಖಾನೂ ತೋರಿಸ್ಲಿಲ್ಲ."

ಗಿರಿಜಾಂಬಿಕಾಗೆ ಆಗ ತಿಳಿಯಿತು. ಈಕೆ ತನ್ನನ್ನು ಕೂಡಿಹಾಕಿದ್ದು ಸಿಟ್ಟಿನಿಂದಲ್ಲ, ಕಳೆದುಕೊಳ್ಳುವ ಭಯದಿಂದ. ಆದರೆ ಪ್ರೀತಿಯಿಂದ ಹಾಕಿದ ಬಾಗಿಲಿನ ಒಳಗೂ ಗಾಳಿ ಅಷ್ಟೇ ಕಡಿಮೆ ಇರುತ್ತದೆ. ಬೆಳಗಿನಿಂದ ಮಗು ಒದೆಯುವುದೂ ಕಡಿಮೆಯಾಗಿತ್ತು.

"ಮಂಗಳಕ್ಕ, ಗಾಡಿ ಎಲ್ಲೈತೆ?"

"ಆಸ್ಪತ್ರೆ ಗಾಡಿ ಶಾಲೆ ಹತ್ರ ನಿಲ್ಸಿದೀನಿ. ಓಣಿಯೊಳಕ್ಕೆ ಬರಲ್ಲ."

ಅವಳು ಸೆರಗನ್ನು ಮೂಗಿಗೆ ಬಿಗಿದು ಎದ್ದಳು.

"ನಾಳೆ ಒಂದಿನ ನೋಡಾಣ ಕಣವ್ವ," ಸಿದ್ದಮ್ಮ ಹೇಳುತ್ತಲೇ ಇದ್ದಳು. "ಮೆಣಸು ಜಾಸ್ತಿ ಹಾಕಿ ಕಷಾಯ ಮಾಡ್ಕೊಡ್ತೀನಿ. ನಿಂದು ಓ ಅಲ್ವೇನೇ, ಅದ್ಯಾಕಂಗೆ..."

ಗಿರಿಜಾಂಬಿಕಾ ಗೋಡೆ ಹಿಡಿದು ಹೊಸ್ತಿಲು ದಾಟಿದಳು, ಅಂಗಳ ದಾಟಿದಳು. ಸಿದ್ದಮ್ಮನ ಮಾತು ಇನ್ನೂ ಮುಗಿದಿರಲಿಲ್ಲ.