ಸೂರ್ಯಪ್ರಕಾಶನ ಬಾಯಿ

ವಿಜಯವಾಡದ ಆಟೋನಗರದಲ್ಲಿ ಸೂರ್ಯಪ್ರಕಾಶನ ಕೈಗುಣ ಗೊತ್ತಿಲ್ಲದವರು ಇರಬಹುದು, ಬಾಯಿ ಗೊತ್ತಿಲ್ಲದವರು ಯಾರೂ ಇಲ್ಲ. ಬೈಕಿನದಾಗಲಿ ಲಾರಿಯದಾಗಲಿ, ವೈರಿಂಗ್ ಕೆಟ್ಟರೆ ಅವನೇ ಬೇಕು. ಆದರೆ ಬೈಗುಳ ತಿನ್ನದೆ ಅಲ್ಲಿಂದ ಯಾವ ಗಾಡಿಯವನೂ ಹೊರಬಿದ್ದದ್ದಿಲ್ಲ. ದಾವಣಗೆರೆಯ ಲಾರಿ ಡ್ರೈವರ್ ಶಂಕರಪ್ಪ ಹಾಗೇ ಒಮ್ಮೆ ಬೈಸಿಕೊಂಡು ಊರಿಗೆ ಹೋಗಿ, "ಹುಡುಗ ಬಾಯಿಬಡುಕ, ಆದ್ರೆ ಒಳಗೊಂದು ಹೊರಗೊಂದು ಇಲ್ಲ" ಎಂದು ಮಗಳು ಪಂಕಜಳನ್ನು ಅವನಿಗೇ ಕೊಟ್ಟುಬಿಟ್ಟ. ತೆಲುಗಿನಲ್ಲಿ ಬೈದರೆ ಹೆಂಡತಿಗೆ ನಾಟುವುದಿಲ್ಲ ಅಂತ ತಿಳಿದದ್ದೇ ತಡ, ಆ ಪುಣ್ಯಾತ್ಮ ವರ್ಷದೊಳಗೆ ಕನ್ನಡ ಕಲಿತ. ಕಲಿಸಿದವಳೂ ಅವಳೇ. ಬೀದೀಲಿ ಹೋಗೋ ಮಾರಿಯನ್ನ ಮನೆಗೆ ಕರೆದ ಹಾಗಾಯಿತು.

ಅಂಥ ಬಾಯಿ ಸಂಕ್ರಾಂತಿಯ ಮಾರನೇ ದಿನ ನಿಂತುಹೋಯಿತು. ಸ್ಟ್ರೋಕ್. ಬಲಗೈ ಸೋತಿತು, ಮಾತು ಪೂರ್ತಿ ಹೋಯಿತು. ಮಾತು ಕಲಿಸಲು ಬರುತ್ತಿದ್ದ ಹಿಮಬಿಂದು ಮೇಡಂ ಬಾಳೆಹಣ್ಣು, ಹಸು, ಛತ್ರಿ ಅಂತ ಚಿತ್ರ ಹಿಡಿದರೆ ಅವನು ಮುಖ ತಿರುಗಿಸಿ ಗೋಡೆ ನೋಡುತ್ತಿದ್ದ. "ಮಾತು ಬರೋದೆಲ್ಲ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಅಮ್ಮಾ. ಅವರೇ ಮನಸ್ಸು ಮಾಡಬೇಕು" ಎಂದಿದ್ದರು ಆಕೆ. ಆ ತಿಂಗಳುಗಳೂ ಮುಗಿಯುತ್ತ ಬಂದವು. ಈ ಗಂಡಸಿನ ಬಾಯಿ ಒಂದಿಷ್ಟು ಮುಚ್ಚಿಸು ತಾಯಿ ಎಂದು ದುರ್ಗಮ್ಮನಲ್ಲಿ ಎಷ್ಟೋ ಸಲ ಬೇಡಿಕೊಂಡಿದ್ದ ಪಂಕಜಾ, ಈಗ ಆ ತಾಯಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಮೆಟ್ಟಿಲು ಹತ್ತಿ ಅದನ್ನೇ ವಾಪಸ್ ಕೇಳಿಕೊಂಡು ಬಂದಳು.

ಅವನ ಬೈಕು ಬ್ಯಾಟರಿ ಸತ್ತು ವರಾಂಡದಲ್ಲಿ ಧೂಳು ತಿನ್ನುತ್ತಿತ್ತು. ಮೈದುನ ಉದಯ್, "ಇನ್ನು ಇದನ್ನ ಯಾರು ಓಡಿಸ್ತಾರೆ ವದಿನಾ, ಮಾರಿಬಿಡೋಣ" ಎಂದ. ಪಂಕಜಳಿಗೆ ಮೈ ಉರಿದುಹೋಯಿತು. ಗಂಡನನ್ನೇ ಗುಜರಿಗೆ ಹಾಕಲು ಹೊರಟಂತೆ ಆಡುತ್ತಾನಲ್ಲ ಇವನು. ಅವತ್ತೇ ಗವರ್ನರ್‌ಪೇಟೆಗೆ ಹೋಗಿ ಹೊಸ ಬ್ಯಾಟರಿ ತಂದಳು. ಗಂಡನ ಕುರ್ಚಿಯನ್ನು ಬೈಕಿನ ಎದುರಿಗೇ ಎಳೆದು ಹಾಕಿ, ಸೈಡ್ ಕವರ್ ಬಿಚ್ಚಿ, ಸ್ಪ್ಯಾನರ್ ಹಿಡಿದು ಕುಕ್ಕರುಗಾಲಲ್ಲಿ ಕೂತಳು. ಹಿಂದಿನ ಸೀಟಲ್ಲಿ ಕೂತು ಗೊತ್ತೇ ಹೊರತು ಗಾಡಿಯ ಹೊಟ್ಟೆಗೆ ಕೈ ಹಾಕಿದವಳಲ್ಲ.

ಕೆಂಪು ವೈರಿನ ಬೋಲ್ಟು ಮೊದಲು ಸಿಕ್ಕಿತು. ಸ್ಪ್ಯಾನರ್ ಕೂರಿಸಿ ಇನ್ನೇನು ತಿರುಗಿಸಬೇಕು, ಹಿಂದಿನಿಂದ ದನಿ ಬಂತು.

"ಮೈ... ಮೈನಸ್ಸು."

ಬೀದಿಯಲ್ಲಿ ಯಾರೋ ಅಂದರೇನೋ ಅಂದುಕೊಂಡಳು. ತಿರುಗಿ ನೋಡಿದರೆ ಅವನ ಎಡಗೈ ಮೇಲೆದ್ದಿತ್ತು, ಕತ್ತಿನ ನರ ಉಬ್ಬಿತ್ತು.

"ಮೈನಸ್ಸು ಮೊದ್ಲು."

ನಾಲಿಗೆ ತೊಡರುತ್ತಿತ್ತು, ಆದರೂ ಕನ್ನಡ. ಅವನು ಹುಟ್ಟಿದ ಮನೆಯ ಭಾಷೆಯಲ್ಲ, ಅವಳು ಕೊಟ್ಟ ಭಾಷೆ. ಪಂಕಜಳ ಮೈ ಜುಂ ಅಂದಿತು. ಇಷ್ಟು ದಿನ ಇದೆಲ್ಲ ಎಲ್ಲಿ ಅಡಗಿ ಕೂತಿತ್ತು? ಗರ್ಭಗುಡಿಯ ಎದುರು ನಿಂತಾಗಲೂ ಅವಳಿಗೆ ಹೀಗಾದದ್ದಿಲ್ಲ.

ಮಾತಾಡಿಸಿದರೆ ಎಲ್ಲಿ ಹಾರಿಹೋಗುತ್ತದೋ ಎಂದು ಹೆದರಿ ತುಟಿ ಬಿಚ್ಚಲಿಲ್ಲ. ಮೈನಸ್ಸಿನ ಕಪ್ಪು ವೈರು ಬಿಚ್ಚಿದಳು, ಆಮೇಲೆ ಕೆಂಪು. ಹಳೇ ಬ್ಯಾಟರಿ ಎತ್ತಿಟ್ಟು, ವೈರಿನ ತುದಿಗೆ ಕಟ್ಟಿದ್ದ ಬಿಳಿ ಪುಡಿಯನ್ನು ಉಜ್ಜಿ ತೆಗೆದು, ಹೊಸದನ್ನು ಕೂರಿಸಿ ರಬ್ಬರ್ ಪಟ್ಟಿ ಎಳೆದಳು. ಅವನು ಮತ್ತೆ ಮೌನವಾಗಿದ್ದ. ಅಷ್ಟೇ ಆಯಿತೇ, ಅಷ್ಟಕ್ಕೇ ಮುಗಿಯಿತೇ ಎಂದು ಓರೆಗಣ್ಣಲ್ಲಿ ಅವನ ತುಟಿಯನ್ನೇ ನೋಡಿದಳು.

ಬಿಚ್ಚುವಾಗ ಕಪ್ಪು ಮೊದಲಾದರೆ ಜೋಡಿಸುವಾಗ ಕೆಂಪು ಮೊದಲು. ಅಷ್ಟು ಅವಳಿಗೂ ಹೊಳೆದಿತ್ತು. ಆದರೂ ಪಂಕಜಾ ಕಪ್ಪು ವೈರನ್ನೇ ಎತ್ತಿಕೊಂಡಳು. ಬ್ಯಾಟರಿಯ ಹತ್ತಿರ ಒಯ್ದು, ತಾಗಿಸದೆ ಕಾದಳು.

"ಏ ದಡ್ಡಿ," ಎಂದ ಸೂರ್ಯಪ್ರಕಾಶ. ಒಂದೊಂದೇ ಅಕ್ಷರವನ್ನು ಎಳೆದು ತಂದ. "ತಲೇಲಿ... ಏನಿದೆ ನಿಂಗೆ?"

"ಏನೂ ಇಲ್ಲ ರೀ," ಎಂದಳು ಪಂಕಜಾ, ಕಪ್ಪು ವೈರನ್ನು ಕೈಯಿಂದ ಬಿಡದೆ. "ಇನ್ನೂ ಸ್ವಲ್ಪ ಬೈಯಿರಿ."